ಪತಂಗದ ಕಡೆಯವರು, ಜೀರುಂಡೆಯ ಕಡೆಯವರು

2024ರ ಅಕ್ಟೋಬರ್ 20, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂತು ಸಮತಾ ತನ್ನದೇ ಮದುವೆಯ ಲಗ್ನಪತ್ರಿಕೆಯ ಮೇಲೆ ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಅಳೆಯುತ್ತಿದ್ದಳು.

"ನೂರಾ ಎಂಟೂವರೆ ಬರ್ತಿದೆ ಮಧು. ನೂರಾ ಹನ್ನೆರಡು ಮಿಲಿಮೀಟರ್ ಬರ್ಬೇಕು."

ಕಂಪ್ಯೂಟರಿನ ಮುಂದಿದ್ದ ಮಧು ಕುರ್ಚಿಯನ್ನು ಗರ್ರನೆ ತಿರುಗಿಸಿದ. ವರನ ಇನಿಷಿಯಲ್ ತಪ್ಪಾಯಿತೆಂದು ಜಗಳ ತೆಗೆದವರನ್ನು ಅವನು ನೋಡಿದ್ದ. ಸೋದರಮಾವನ ಹೆಸರು ಕೆಳಗಿನ ಸಾಲಿಗೆ ಹೋಯಿತೆಂದು ಕಾರ್ಡಿನ ಕಟ್ಟನ್ನೇ ಎಸೆದು ಹೋದವರನ್ನೂ ನೋಡಿದ್ದ. ಆದರೆ ಪತಂಗದ ರೆಕ್ಕೆ ಮೂರೂವರೆ ಮಿಲಿಮೀಟರ್ ಕಡಿಮೆಯಾಯಿತು ಎಂದು ಮಾದರಿ ಪ್ರತಿ ವಾಪಸ್ ಕೊಟ್ಟ ಮದುಮಗಳು ಅವನ ಅನುಭವದಲ್ಲಿ ಇವಳೇ ಮೊದಲು.

"ಪೇಪರಿಗೆ ಹೊಂದಿಸ್ಕೊಳ್ಳೋಕೆ ಪ್ರಿಂಟರ್ರೇ ಸ್ವಲ್ಪ ಕುಗ್ಗಿಸುತ್ತೆ ಮೇಡಂ. ನೂರಕ್ಕೆ ತೊಂಬತ್ತೇಳು. ಮದುವೆಗೆ ಬರೋರು ಯಾರಾದ್ರೂ ಸ್ಕೇಲ್ ತಗೊಂಡ್ ಬರ್ತಾರಾ?"

"ನಾನು ಬರ್ತೀನಲ್ಲ."

ಮಧು ನಿಟ್ಟುಸಿರು ಬಿಟ್ಟು ಮೌಸ್ ಹಿಡಿದ. "ಮತ್ತೆ ಈ ಕರಿ ಗೆರೆ? ಹುಳದ ಕೆಳಗಡೆ ಒಂದು ಉಳ್ಕೊಂಡಿದೆ. ಅಳಿಸ್ಲಾ?"

"ಅಯ್ಯೋ, ಮುಟ್ಬೇಡಿ! ಅದು ಅಳತೆಗೆರೆ. ಒಂದು ಸೆಂಟಿಮೀಟರ್. ಎರಡೂ ಹುಳ ನಿಜವಾದ ಗಾತ್ರದಲ್ಲೇ ಇವೆ ಅನ್ನೋದಕ್ಕೆ ಅದೇ ಸಾಕ್ಷಿ."

"ಹಾಗಾದ್ರೆ ಮೇಲಿರೋ ಗಣಪತಿ? ಅವನೂ ಇದೇ ಅಳತೇಲಾ?"

ಮಧು ತಮಾಷೆಗೆ ಕೇಳಿದ್ದ. ಸಮತಾ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ತೆರೆಯನ್ನೇ ನೋಡಿದಳು. "ಒಳ್ಳೆ ಪ್ರಶ್ನೆ. ಗೆರೆನ ಇನ್ನೂ ಸ್ವಲ್ಪ ಕೆಳಗಿಳಿಸಿ. ಗಣಪತಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಾಗ್ಲಿ."

ಎರಡು ಹುಳಗಳ ಸಂಗತಿ ಹೀಗೆ. ಸಮತಾ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ, ಮುರಳಿ ಭದ್ರಾವತಿಯ ಇನ್ನೊಂದು ಕಾಲೇಜಿನಲ್ಲಿ ಅದೇ ವಿಷಯದ ಉಪನ್ಯಾಸಕ. ಇಬ್ಬರೂ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದರು. ಅವಳು ಬೆನ್ನು ಹತ್ತಿದ್ದು ಚಂದ್ರ ಪತಂಗವನ್ನು. ತಿಳಿಹಸಿರು ರೆಕ್ಕೆ, ಪ್ರತಿ ರೆಕ್ಕೆಗೂ ಒಂದೊಂದು ಕಣ್ಣಿನಂಥ ಚುಕ್ಕೆ, ಹಿಂದೆ ಜೋಲುವ ಎರಡು ಉದ್ದನೆಯ ಬಾಲ. ಅವನು ಹಿಡಿದದ್ದು ಕೆರೆಗಳಲ್ಲಿ ಈಜುವ ನೀರು ಜೀರುಂಡೆಯನ್ನು. ಹಲಸಿನ ಬೀಜವನ್ನು ಎಣ್ಣೆಯಲ್ಲಿ ಅದ್ದಿ ಇಟ್ಟಂಥ ಮೈ, ಅಂಚಿಗೆ ಹಳದಿ ಪಟ್ಟಿ, ದೋಣಿಯ ಹುಟ್ಟಿನಂಥ ಹಿಂಗಾಲು. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಓದು ಮುಗಿದರೂ ಮುಗಿಯಲಿಲ್ಲ. ಅದನ್ನು ಮುಂದುವರಿಸಲು ಬೇರೆ ದಾರಿ ಕಾಣದೆ ಇಬ್ಬರೂ ಮದುವೆಯಾಗಲು ತೀರ್ಮಾನಿಸಿದ್ದರು.

ಕಾರ್ಡಿನಲ್ಲಿ ವಧುವಿನ ಹೆಸರಿನ ಕೆಳಗೆ ಪತಂಗ, ವರನ ಹೆಸರಿನ ಕೆಳಗೆ ಜೀರುಂಡೆ ಇರಬೇಕೆಂದು ಮಾತಾಗಿತ್ತು. "ನಿನ್ನದನ್ನ ನಾನು ಬರೀತೀನಿ, ನನ್ನದನ್ನ ನೀನು ಬರಿ" ಎಂದದ್ದು ಮುರಳಿ. ಸಮತಾಳ ವಿನೋಬನಗರದ ಮನೆಯ ತಾರಸಿಯಲ್ಲಿ, ಸೊಳ್ಳೆಪರದೆ ಹೊದಿಸಿದ ಪಂಜರದಲ್ಲಿ ಎರಡು ಗೂಡುಗಳಿದ್ದವು. ಆಯನೂರಿನ ಹತ್ತಿರ ಒಂದು ಮತ್ತಿ ಮರದ ಕೊಂಬೆಯಿಂದ ತಂದವು. ಒಂದರಿಂದ ಸೆಪ್ಟೆಂಬರಿನಲ್ಲಿ ಪತಂಗ ಹೊರಬಂತು. ಇನ್ನೊಂದು ಒಣಗಿದ ಎಲೆಯ ಉಂಡೆಯ ಹಾಗೆ ಸುಮ್ಮನೆ ಕೂತಿತ್ತು. ಹೊರಬಂದದ್ದನ್ನು ಮುರಳಿ ಬಂದು ಅಳೆದ, ಫೋಟೋ ತೆಗೆದ, ಮೂರು ಭಾನುವಾರ ಕೂತು ಬಣ್ಣದಲ್ಲಿ ಬರೆದ. ಎಷ್ಟು ಚೆನ್ನಾಗಿ ಬರೆದನೆಂದರೆ, ಸಮತಾ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ನಿಂತಳು. ಮರುಗಳಿಗೆಯಲ್ಲೇ ಅವಳ ಕಣ್ಣು ಪತಂಗದ ತಲೆಯಿಂದ ಚಾಚಿದ ಕುಡಿಮೀಸೆಗಳ ಮೇಲೆ ಬಿತ್ತು.

ಜರೀಗಿಡದ ಎಲೆಯಂತೆ ಅಗಲವಾಗಿ ಹರಡಿದ ಕುಡಿಮೀಸೆ. ಹೆಣ್ಣಿನ ವಾಸನೆಯನ್ನು ದೂರದಿಂದಲೇ ಹಿಡಿಯಲು ಇರುವಂಥದ್ದು. ಅಷ್ಟು ಅಗಲ ಇರುವುದು ಗಂಡಿಗೆ ಮಾತ್ರ.

ಅಂದರೆ ವಧುವಿನ ಜಾಗದಲ್ಲಿ ಗಂಡು ಪತಂಗ ಕೂತಿತ್ತು. ಗೂಡಿನಿಂದ ಬಂದದ್ದು ಗಂಡೆಂದು ಅವಳಿಗೆ ಮೊದಲೇ ಗೊತ್ತಿತ್ತು. ಅವನು ಕೇಳಲಿಲ್ಲ, ಇವಳು ಹೇಳುವಷ್ಟರಲ್ಲಿ ಚಿತ್ರವೇ ಮುಗಿದಿತ್ತು. ಮಿಲಿಮೀಟರಿಗೆ ಜಗಳವಾಡುವವಳು ಇಷ್ಟು ದೊಡ್ಡ ತಪ್ಪನ್ನು ನುಂಗಿಕೊಂಡಳು. ಪ್ರೀತಿಯೆಂದರೆ ಇದೇ ಇರಬೇಕು ಎಂದುಕೊಂಡಳು. ಸ್ವಲ್ಪ ಕಹಿಯಾಗಿಯೇ ಇತ್ತು.

ಮಧು ಸರಿಯಾದ ಅಳತೆಯಲ್ಲಿ ಮುದ್ರಿಸಿದ ಮಾದರಿ ಪ್ರತಿಯನ್ನು ಫೈಲಿನೊಳಗಿಟ್ಟುಕೊಂಡು ಸಮತಾ ಭದ್ರಾವತಿಯ ಬಸ್ಸು ಹತ್ತಿದಳು. ಮುರಳಿಯ ಮನೆಯಲ್ಲೊಂದು ಪದ್ಧತಿ ಇತ್ತು. ಮೊದಲ ಕಾರ್ಡಿನ ನಾಲ್ಕು ಮೂಲೆಗೂ ಮನೆಯ ಹಿರಿಯರು ಅರಿಶಿನ ಹಚ್ಚಬೇಕು. ಹಚ್ಚದ ಹೊರತು ಉಳಿದ ಕಾರ್ಡು ಅಚ್ಚಿಗೂ ಹೋಗುವುದಿಲ್ಲ, ನೆಂಟರ ಮನೆಗೂ ಹೋಗುವುದಿಲ್ಲ. ಆ ಹಿರಿಯರೆಂದರೆ ಮುರಳಿಯ ದೊಡ್ಡಪ್ಪ ಭೂತಪ್ಪ. ಕಬ್ಬಿಣದ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಮುರಳಿಯ ತಂದೆ ತೀರಿಕೊಂಡ ಮೇಲೆ ಅವನನ್ನು ಓದಿಸಿದವರೂ ಅವರೇ. ಅವರ ಬೆರಳು ಅರಿಶಿನದ ಬಟ್ಟಲಿಗೆ ಇಳಿಯದಿದ್ದರೆ ಗಂಡಿನ ಕಡೆಯಿಂದ ಒಂದು ನರಪಿಳ್ಳೆಯೂ ಮಂಟಪಕ್ಕೆ ಬರುವುದಿಲ್ಲ.

ಹೊಸಮನೆ ಬಡಾವಣೆಯ ಆ ಪುಟ್ಟ ಮನೆಯಲ್ಲಿ ಭೂತಪ್ಪ ಸ್ನಾನ ಮುಗಿಸಿ, ಬಿಳಿ ಪಂಚೆಯುಟ್ಟು, ನೀರಿನಲ್ಲಿ ಕಲಸಿದ ಅರಿಶಿನದ ಬಟ್ಟಲನ್ನು ಮುಂದಿಟ್ಟುಕೊಂಡು ಸಿದ್ಧವಾಗಿ ಕೂತಿದ್ದರು. ಮುರಳಿಯ ತಾಯಿ ಬಂಗಾರಮ್ಮ ಕಾಫಿ ತಂದರು. ಭೂತಪ್ಪ ಕಾರ್ಡು ತೆಗೆದುಕೊಂಡು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದರು. ತಮ್ಮ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಕಣ್ಣು ಕೆಳಗಿಳಿಯಿತು.

"ಇದೇನಿದು, ಹುಳ?"

"ಹೂಂ ದೊಡ್ಡಪ್ಪ," ಎಂದ ಮುರಳಿ. "ನಾವಿಬ್ರೂ ಓದಿರೋದು ಇದನ್ನೇ ಅಲ್ವಾ."

"ಓದಿದ್ರೆ ಓದ್ಕೊಳ್ರಪ್ಪ. ನಾನೂ ಆಯಸ್ಸೆಲ್ಲ ಕುಲುಮೆ ಮುಂದೆ ದುಡ್ದೆ. ನನ್ ಮದುವೆ ಕಾರ್ಡಿಗೆ ಕುಲುಮೆ ಹಾಕ್ಸಿದ್ನಾ?"

"ನಿಮ್ ಮದುವೇಲಿ ಕಾರ್ಡೇ ಇರ್ಲಿಲ್ಲ ಭಾವ," ಎಂದರು ಬಂಗಾರಮ್ಮ. "ಮನೆಮನೆಗೆ ಹೋಗಿ ಬಾಯಲ್ಲೇ ಕರ್ದಿದ್ರಿ. ಅದ್ರಲ್ಲೂ ಪಕ್ಕದ ಬೀದೀಲೇ ಇದ್ದ ನನ್ನ ತವರನ್ನ ಮರ್ತಿದ್ರಿ."

ಭೂತಪ್ಪ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. "ಹುಡುಗೀದು ಯಾವ್ದು?"

"ರೆಕ್ಕೆ ಇರೋದು, ಮಾವ," ಎಂದಳು ಸಮತಾ.

"ಈ ದೊಡ್ಡ ಹಾತೆ? ಮತ್ತೆ ಈ ಗುಂಡಿಯಂಗಿರೋದು ನಮ್ ಹುಡುಗಂದಾ?"

ಅವರು ಎದ್ದು ಒಳಗೆ ಹೋಗಿ, ಫ್ಯಾಕ್ಟರಿ ಕಾಲದ ಮಡಚುವ ಅಡಿಕೋಲು ತಂದರು. ಸಮತಾಳಿಗೆ ಒಂದು ಕ್ಷಣ ಅವರ ಮೇಲೆ ಅಕ್ಕರೆಯೇ ಹುಟ್ಟಿತು. ಅಳೆದು ನೋಡುವವರು ಎಲ್ಲಿದ್ದರೂ ಅವಳಿಗೆ ತನ್ನವರೇ.

"ಇದು ನಾಲ್ಕೂಕಾಲು ಇಂಚಿನ ಮೇಲೈತೆ. ಇದು ಒಂದು ಇಂಚು, ಚಿಲ್ರೆ." ಭೂತಪ್ಪ ಅಡಿಕೋಲನ್ನು ಮಡಚಿದರು. "ಊರೋರು ಏನಂತಾರೆ? ಭೂತಪ್ಪನ ಮನೆ ಹುಡುಗ ಹೆಂಡ್ತಿ ರೆಕ್ಕೆ ಕೆಳಗೆ ಸೇರ್ಕೊಂಡ ಅಂತಾರೆ."

"ಗಾತ್ರ ಅಷ್ಟೇ ನೋಡಬಾರ್ದು ದೊಡ್ಡಪ್ಪ," ಮುರಳಿ ಮಧ್ಯೆ ಬಂದ. "ಜೀರುಂಡೆ ನೀರಲ್ಲೂ ಈಜುತ್ತೆ, ಆಕಾಶದಲ್ಲೂ ಹಾರುತ್ತೆ. ರೆಕ್ಕೆ ಕೆಳಗೆ ಗಾಳಿ ತುಂಬ್ಕೊಂಡೇ ನೀರಿಗಿಳಿಯೋದು. ಗಾಳಿ ಮುಗಿದ್ರೆ ಮೇಲೆ ಬಂದು, ಹಿಂಭಾಗ ಹೊರಗೆ ಮಾಡಿ ಮತ್ತೆ ತುಂಬ್ಕೊಳ್ಳುತ್ತೆ."

"ಹಿಂಭಾಗದಿಂದ ಉಸಿರಾಡುತ್ತಾ?" ಬಂಗಾರಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಅದಕ್ಕೇ ನೋಡು, ಚಿಕ್ಕವನಿದ್ದಾಗ ನೀನು ನಾಲೆಗೆ ತಲೆಕೆಳಗಾಗಿ ಬಿದ್ರೂ ಬದುಕ್ಕೊಂಡೆ."

"ಅವ್ವಾ!"

"ಅದರ ಮರಿ ಏನ್ ತಿನ್ನುತ್ತೆ, ಅದನ್ನೂ ಹೇಳು," ಎಂದಳು ಸಮತಾ, ಕಾಫಿಯ ಲೋಟದೊಳಗೇ ನಗುತ್ತ.

ಮುರಳಿ ಅವಳನ್ನು ದುರುಗುಟ್ಟಿ ನೋಡಿದ. "ಗೊದಮೊಟ್ಟೆ. ಸಣ್ಣ ಮೀನು."

"ಆಮೇಲೆ?"

"ಆಮೇಲೆ... ಹಸಿವಾದ್ರೆ ಒಡಹುಟ್ಟಿದವರನ್ನೂ."

"ಆಹಾ, ಒಳ್ಳೆ ಮನೆತನ," ಎಂದರು ಭೂತಪ್ಪ. "ಮತ್ತೆ ಹಾತೆದು ಊಟ?"

"ಏನೂ ಇಲ್ಲ ಮಾವ. ರೆಕ್ಕೆ ಬಂದ ಮೇಲೆ ತಿನ್ನೋಕೆ ಬಾಯೇ ಇರಲ್ಲ. ಕಂಬಳಿಹುಳ ಆಗಿದ್ದಾಗ ತಿಂದಿದ್ದರಲ್ಲೇ ಕಾಲ ಕಳೆಯುತ್ತೆ."

"ಬಾಯಿಲ್ಲದ ಸೊಸೆ!" ಬಂಗಾರಮ್ಮ ಚಪ್ಪಾಳೆ ತಟ್ಟಿದರು. "ಭಾವ, ಅವಳ ಮನಸ್ಸು ಬದಲಾಗೋಕ್ ಮುಂಚೆ ಅರಿಶಿನ ಹಚ್ಬಿಡಿ."

"ಎಷ್ಟು ದಿನ ಕಳೆಯುತ್ತೆ?" ಭೂತಪ್ಪ ಬಿಡಲಿಲ್ಲ.

ಸಮತಾ ಸುಳ್ಳು ಹೇಳಲಾರಳು. "ಒಂದು ವಾರ. ಇನ್ನೊಂದೆರಡು ದಿನ ಹೆಚ್ಚು."

ಭೂತಪ್ಪ ಅರಿಶಿನದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ನೋಡ್ರಪ್ಪ, ಆಯಸ್ಸು ದೇವರ ಕೈಲೈತೆ, ಅದನ್ನ ಬಿಡ್ತೀನಿ. ಗಾತ್ರ ನಿಮ್ ಕೈಲೈತೆ. ಆ ಹಾತೆನ ಗಂಡಿಗಿಂತ ಚಿಕ್ಕದು ಮಾಡ್ಸಿ ತನ್ನಿ. ಆಮೇಲೆ ಹಚ್ತೀನಿ."

ಸಮತಾ ಮುರಳಿಯ ಕಡೆ ನೋಡಿದಳು. ಮುರಳಿ ನೆಲ ನೋಡಿದ. ಆಮೇಲೆ, ಯಾರಿಗೂ ಕೇಳಿಸಬಾರದೆಂಬಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ: "ಸ್ವಲ್ಪ ಕುಗ್ಗಿಸಿದ್ರೆ ಏನಾಗುತ್ತೆ ಸಮತಾ? ನೂರಕ್ಕೆ ಇಪ್ಪತ್ತೈದು ಮಾಡಿದ್ರೆ ಆಯ್ತು. ಆ ಗೆರೆ ತೆಗೆಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ."

ಅವಳು ಖಾಲಿ ಲೋಟ ತೆಗೆದುಕೊಂಡು ಹಿತ್ತಿಲಿನ ನಲ್ಲಿಯ ಹತ್ತಿರ ಹೋಗಿ ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಭೂತಪ್ಪನವರ ಮಾತು ಅವಳಿಗೆ ನೋವು ಕೊಟ್ಟಿರಲಿಲ್ಲ. ಅವರು ಲೋಕದ ಅಡಿಕೋಲಿನಿಂದ ಅಳೆದರು, ಅಷ್ಟೇ. ಮುರಳಿಯ ಮಾತು ಹಾಗಲ್ಲ. ಎಂ.ಎಸ್ಸಿ. ಎರಡನೇ ವರ್ಷದಲ್ಲಿ ಒಂದು ದಿನ, ಅಳತೆಗೆರೆ ಇಲ್ಲದ ಫೋಟೋವನ್ನು ವರದಿಗೆ ಅಂಟಿಸುವುದಿಲ್ಲ ಎಂದು ಹಟ ಹಿಡಿದು ಗಡುವು ತಪ್ಪಿಸಿಕೊಂಡವನು ಅವನು. "ಗೆರೆ ಇಲ್ಲದ ಚಿತ್ರ ಅಂದ್ರೆ ಸುಳ್ಳು ಸಾಕ್ಷಿ" ಎಂದು ಗುರುಗಳ ಎದುರೇ ಹೇಳಿದ್ದ. ಬೆಂಚಿನ ಆ ತುದಿಯಿಂದ ಈ ತುದಿಗೆ ಅವಳು ಸರಿದದ್ದು ಅವತ್ತೇ. ಈಗ ಅದೇ ಬಾಯಿ ಗೆರೆ ಅಳಿಸೋಣ ಎಂದಿತು. ಇವತ್ತು ಪತಂಗ ಕಾಲುಭಾಗವಾದರೆ ನಾಳೆ ಏನೇನನ್ನು ಕುಗ್ಗಿಸಬೇಕಾಗುತ್ತದೋ. ಅವಳ ಪಿಎಚ್.ಡಿ.ಯನ್ನೋ, ತಾರಸಿಯ ಪಂಜರವನ್ನೋ, ಅವಳ ದನಿಯನ್ನೋ. ಅಂಥವನನ್ನು ಮದುವೆಯಾಗಬಹುದೇ? ಪ್ರಶ್ನೆ ಬಂದದ್ದಕ್ಕೇ ಅವಳಿಗೆ ಭಯವಾಯಿತು. ನಲ್ಲಿ ನಿಲ್ಲಿಸಿದಳು.

ನಿಲ್ಲಿಸಿದ ಮೇಲೆ ಕಿಟಕಿಯಿಂದ ಮುರಳಿಯ ಫೋನಿನ ಮಾತು ಕೇಳಿಸಿತು. ಸ್ಪೀಕರ್ ಹಾಕಿದ್ದ.

"ಮಧು, ನಾನು ಮುರಳಿ. ಆ ಕಾರ್ಡಲ್ಲಿ ಪತಂಗ ಇದೆಯಲ್ಲ..."

"ಏನ್ ಸಾರ್, ಇನ್ನೂ ಕಡಿಮೆ ಬಂತಾ? ಬೆಳಿಗ್ಗೆ ಮೇಡಂ ಮೂರೂವರೆ ಮಿಲಿಮೀಟರಿಗೆ ನನ್ನ ಪ್ರಾಣ ಹಿಂಡಿದ್ರು. ಈಗ ಕರೆಕ್ಟಾಗಿ ಇದೆ ಸಾರ್. ನಾನೇ ಸ್ಕೇಲ್ ಇಟ್ಟು ನೋಡ್ದೆ."

ಆ ಕಡೆ ಪ್ರೆಸ್ಸಿನ ಸದ್ದು.

"ಸಾರ್? ಏನ್ ಮಾಡ್ಬೇಕು ಹೇಳಿ."

"ಏನೂ ಬೇಡ ಮಧು. ಹಾಗೇ ಇರ್ಲಿ. ಗೆರೇನೂ ಇರ್ಲಿ."

ಸಮತಾ ಬಾಗಿಲಿಗೆ ಬಂದು ನಿಂತಳು. ಮುರಳಿ ದೊಡ್ಡಪ್ಪನ ಎದುರು ಕೈಕಟ್ಟಿ ನಿಂತಿದ್ದ, ಪರೀಕ್ಷೆಗೆ ಓದದೆ ಬಂದ ಹುಡುಗನ ಹಾಗೆ.

"ಆಗಲ್ಲ ದೊಡ್ಡಪ್ಪ. ಅದು ಇರೋದೇ ಅಷ್ಟು ದೊಡ್ಡದು. ನಾನೇ ಅಳೆದಿದ್ದೀನಿ. ನನ್ನದು ಚಿಕ್ಕದು, ಚಿಕ್ಕದೇ."

"ಹಂಗಾ?" ಭೂತಪ್ಪ ಮಂಡಿಯ ಮೇಲೆ ಕೈಯೂರಿ ಎದ್ದರು. "ಹಂಗಾದ್ರೆ ನಿನ್ ಮದುವೆಗೆ ನೀನೇ ಕರ್ಕೋ. ಬಂಗಾರಮ್ಮ, ಬಟ್ಲು ಒಳಗಿಡು."

ಬಂಗಾರಮ್ಮ ಬಟ್ಟಲಿಗೆ ಕೈ ಹಾಕಲಿಲ್ಲ. ಸಮತಾ ಮುರಳಿಯ ಮುಖ ನೋಡಿದಳು. ಈಗ ಅವನ ಚಿತ್ರದ ತಪ್ಪನ್ನು ಅವನ ಮನೆಯಲ್ಲೇ, ಅವನ ಹಿರಿಯರ ಎದುರೇ ಬಿಚ್ಚಿಡಬೇಕು. ಆದರೆ ಗೆರೆಯ ಜೊತೆ ನಿಂತವನು ಇದನ್ನೂ ತಡೆದುಕೊಂಡಾನು ಎನ್ನಿಸಿತು.

"ಮಾವ, ಒಂದು ನಿಮಿಷ ಕೂತ್ಕೊಳ್ಳಿ. ಆ ದೊಡ್ಡದು ಹೆಣ್ಣಲ್ಲ."

"ಅಂದ್ರೆ?"

"ಗಂಡು. ಅದರ ಕುಡಿಮೀಸೆ ನೋಡಿ, ಎಷ್ಟು ಅಗಲ ಇದೆ. ಹೆಣ್ಣಿಗೆ ಅಷ್ಟಿರಲ್ಲ."

ಭೂತಪ್ಪ ತಮಗೆ ಅರಿವಿಲ್ಲದೆ ತಮ್ಮ ಮೀಸೆ ಮುಟ್ಟಿಕೊಂಡರು. ಮುರಳಿಯ ಬಾಯಿ ತೆರೆದೇ ಇತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ ದಿನಾನೇ."

"ಮತ್ತೆ ಹೇಳ್ಲಿಲ್ಲ?"

"ನೀನು ಮೂರು ಭಾನುವಾರ ಕೂತು ಬರೆದಿದ್ದೆ. ಹೇಗೆ ಹೇಳ್ಲಿ?"

ಮುರಳಿ ತಲೆ ಕೆರೆದುಕೊಂಡ. ಬೇರೆ ಯಾರಾದರೂ ಆಗಿದ್ದರೆ ಅವಮಾನದಿಂದ ಕೆಂಪಾಗುತ್ತಿದ್ದರು. ಇವನು ನಗಲು ಶುರುಮಾಡಿದ. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ.

"ಮಾರಾಯ್ತಿ, ಹಾಗಾದ್ರೆ ನಾನೂ ಒಂದು ಹೇಳ್ಬಿಡ್ತೀನಿ. ನೀನು ಬರೆದ ಜೀರುಂಡೆ ಹೆಣ್ಣು."

"ಏನು?"

"ಗಂಡಿಗೆ ಮುಂಗಾಲಿನ ಪಾದ ಬಟ್ಟಲಿನ ಹಾಗೆ ಅಗಲ ಇರುತ್ತೆ. ನೀನು ಬರೆದಿರೋದು ಸಣ್ಣ ಕಾಲು. ಅಂದವಾಗಿದೆ ಅಂತ ಆರಿಸ್ಕೊಂಡಿರ್ತೀಯ."

ಸಮತಾ ಕಾರ್ಡು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದಳು. ನಿಜ. ಮುರಳಿ ಕೊಟ್ಟ ಗಾಜಿನ ತೊಟ್ಟಿಯಲ್ಲಿ ಆರೇಳು ಜೀರುಂಡೆಗಳಿದ್ದವು. ದಪ್ಪ ಪಾದದವು ಒರಟಾಗಿ ಕಂಡು, ನಾಜೂಕಾದದ್ದನ್ನೇ ಆರಿಸಿದ್ದಳು. ಆ ನಾಜೂಕು ಕಾಲಿನ ಒಂದೊಂದು ಕೂದಲನ್ನೂ ಬಿಡದೆ ಬರೆದಿದ್ದಳು. ಕೂದಲು ಎಣಿಸುವ ಭರದಲ್ಲಿ ಕಾಲು ಯಾರದೆಂದು ಕೇಳಲಿಲ್ಲ.

"ನೀನ್ಯಾಕೆ ಹೇಳ್ಲಿಲ್ಲ?"

"ಅಷ್ಟು ಚೆನ್ನಾಗಿತ್ತು ಕಣೇ."

"ಗಂಡಿಗ್ಯಾಕೆ ಬಟ್ಟಲಿನಂಥ ಪಾದ?" ಬಂಗಾರಮ್ಮ ಕುತೂಹಲದಿಂದ ಕೇಳಿದರು.

ಮುರಳಿಯ ಕಿವಿ ಈಗ ಕೆಂಪಾಯಿತು. "ಅದು... ನೀರಲ್ಲಿ ಜಾರುತ್ತಲ್ಲ ಅವ್ವ... ಹೆಣ್ಣನ್ನ ಹಿಡ್ಕೊಳ್ಳೋಕೆ."

"ಸಾಕು ಬಿಡು, ಹಿರೀರು ಕೂತವ್ರೆ."

ಹಿರಿಯರು ನಿಜಕ್ಕೂ ಕೂತಿದ್ದರು, ಲೆಕ್ಕ ಹಾಕುತ್ತ. ಬೆರಳನ್ನು ಒಮ್ಮೆ ಪತಂಗದ ಮೇಲೆ, ಒಮ್ಮೆ ಜೀರುಂಡೆಯ ಮೇಲೆ ಇಟ್ಟರು. "ಅಂದ್ರೆ, ದೊಡ್ಡದು ನಮ್ ಹುಡುಗ. ಚಿಕ್ಕದು ಈಯಮ್ಮ."

ಇಬ್ಬರು ಉಪನ್ಯಾಸಕರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದು ಎನ್ನದೆ ದಾರಿಯಿರಲಿಲ್ಲ.

"ಅದನ್ನ ಮೊದ್ಲೇ ಹೇಳೋಕೇನ್ ರೋಗ ನಿಮಗೆ? ಹೆಸರು ಅದಲುಬದಲು ಮಾಡ್ಸಿದ್ರೆ ಆಯ್ತು." ಭೂತಪ್ಪನವರ ಬೆರಳು ಬಟ್ಟಲಿಗಿಳಿಯಿತು. ಒಂದು ಮೂಲೆ, ಎರಡು, ಮೂರು, ನಾಲ್ಕು. ಕೊನೆಯ ಹನಿ ಜಾರಿ ಅಳತೆಗೆರೆಯ ತುದಿಗೆ ಬಿತ್ತು. ಸಮತಾ ಒರೆಸಲು ಕೈ ಮುಂದೆ ಮಾಡಿ, ತಡೆದುಕೊಂಡಳು.

"ಹಂಗಾದ್ರೆ ಬಾಯಿಲ್ದೋನು ನಮ್ ಹುಡುಗ," ಬಂಗಾರಮ್ಮ ನಿಧಾನವಾಗಿ ಹೇಳಿದರು, "ಸಿಕ್ಕಿದ್ದೆಲ್ಲ ತಿನ್ನೋಳು ಸೊಸೆ. ಈಗ ನೋಡು, ಚಿತ್ರ ಸರಿಯಾಗಿ ಬಂತು."

ಎಲ್ಲ ಮುಗಿಯಿತು ಅನ್ನುವಾಗ ಭೂತಪ್ಪ ಕೈ ಒರೆಸಿಕೊಳ್ಳುತ್ತ ಕೇಳಿದರು: "ಅಲ್ಲಮ್ಮ, ಹಾತೇಲಿ ಗಂಡೇ ಇಷ್ಟಿದ್ರೆ, ಹೆಣ್ಣು ಎಷ್ಟಿರುತ್ತೆ?"

ಮುರಳಿ ಅವಳ ಹಿಂದೆ ನಿಂತು ಮೆಲ್ಲಗೆ ಕೆಮ್ಮಿದ. ಸಮತಾ ಸುಮ್ಮನಿರಬಹುದಿತ್ತು. "ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು, ಮಾವ."

ಭೂತಪ್ಪ ಕಾರ್ಡನ್ನು ನೋಡಿದರು. ನಾಲ್ಕು ಮೂಲೆಯ ಅರಿಶಿನ ಆಗಲೇ ಒಣಗುತ್ತಿತ್ತು. "ಹಚ್ಚಾಯ್ತು," ಎಂದರು. "ಇನ್ನು ನಾನೇನೂ ಕೇಳಿಲ್ಲ, ನೀನೇನೂ ಹೇಳಿಲ್ಲ."

ಬಸ್ ನಿಲ್ದಾಣಕ್ಕೆ ಬಿಡಲು ಬಂದ ಮುರಳಿ ಬೈಕ್ ನಿಲ್ಲಿಸಿ, ಏನೋ ಹೇಳಬೇಕೆಂಬಂತೆ ಹೆಲ್ಮೆಟ್ ತಿರುಗಿಸುತ್ತ ನಿಂತ. ಅವಳೇ ಮಾತು ತೆಗೆದಳು.

"ನೂರಕ್ಕೆ ಇಪ್ಪತ್ತೈದು ಅಂದ್ಯಲ್ಲ."

"ಅಂದೆ. ದೊಡ್ಡಪ್ಪಂಗೆ ಹೆದರಿ ಅಂದೆ."

"ಇನ್ನೊಂದು ಸಲ ಅಂದ್ರೆ?"

"ಅನ್ನೋಕೆ ನಂಗೆ ಬಾಯೆಲ್ಲಿದೆ ಮಾರಾಯ್ತಿ?"

ಅವಳು ನಗದೆ ಇರಲು ಪ್ರಯತ್ನಿಸಿದಳು. ಬಸ್ಸು ಹೊರಟ ಮೇಲೆ, ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.

ಕಾರ್ಡುಗಳು ಅಚ್ಚಾದವು. ಪತಂಗ ಮುರಳಿಯ ಹೆಸರಿನ ಕೆಳಗೆ ಹೋಯಿತು, ಜೀರುಂಡೆ ಸಮತಾಳ ಹೆಸರಿನ ಕೆಳಗೆ ಬಂತು. ಮೊದಲ ಎರಡು ದಿನ ಅದನ್ನು ನೋಡಿದಾಗಲೆಲ್ಲ ಅವಳಿಗೆ ಬೇರೆಯವರ ಚಪ್ಪಲಿ ಹಾಕಿಕೊಂಡಂತಿತ್ತು. ಮೂರನೇ ದಿನ ಕಾಲೇಜಿನ ಗ್ರಂಥಾಲಯದಲ್ಲಿ ನೀರು ಜೀರುಂಡೆಯ ಅಧ್ಯಾಯ ತೆರೆದು ಓದಲು ಕೂತಳು. ಗಾಳಿಯ ಗುಳ್ಳೆಯನ್ನು ಬೆನ್ನಿಗೆ ಕಟ್ಟಿಕೊಂಡು, ತನ್ನದಲ್ಲದ ಜಾಗಕ್ಕೆ ಇಳಿದು ಅಲ್ಲೇ ಬದುಕುವ ಪ್ರಾಣಿ. ಇಷ್ಟು ವರ್ಷ ಜಗಳವಾಡಿದ್ದೇ ಹೊರತು ಸರಿಯಾಗಿ ಓದಿರಲಿಲ್ಲವಲ್ಲ ಎನ್ನಿಸಿತು. ಇದನ್ನು ಮುರಳಿಗೆ ಮಾತ್ರ ಹೇಳಲಿಲ್ಲ.

ಮದುವೆ ನವೆಂಬರ್ 24ಕ್ಕೆ. ಅದಕ್ಕೆ ಐದು ದಿನ ಮೊದಲು, ಮಂಗಳವಾರ ಬೆಳಿಗ್ಗೆ, ಬಟ್ಟೆ ಒಣಹಾಕಲು ತಾರಸಿಗೆ ಹೋದ ಸಮತಾ ಪಂಜರದ ಹತ್ತಿರ ನಿಂತುಬಿಟ್ಟಳು. ಎರಡನೇ ಗೂಡು ಒಡೆದಿತ್ತು. ಪರದೆಗೆ ಆತುಕೊಂಡು ಒಂದು ಚಂದ್ರ ಪತಂಗ ತನ್ನ ಒದ್ದೆ ರೆಕ್ಕೆಗಳನ್ನು ನಿಧಾನವಾಗಿ ಚಾಚುತ್ತಿತ್ತು. ದಪ್ಪ ಹೊಟ್ಟೆ, ತೆಳ್ಳನೆಯ ಕುಡಿಮೀಸೆ. ಹೆಣ್ಣು.

ಅವಳು ಬಟ್ಟೆಯ ಬಕೆಟ್ಟನ್ನು ಅಲ್ಲೇ ಬಿಟ್ಟು, ರೆಕ್ಕೆ ಪೂರ್ತಿ ಒಣಗಿ ಚಪ್ಪಟೆಯಾಗುವವರೆಗೆ ಕಾದಳು. ಆಮೇಲೆ ಪರದೆಯ ಹೊರಗಿನಿಂದ ಸ್ಕೇಲ್ ಹಿಡಿದು ಫೋಟೋ ತೆಗೆದು ಮುರಳಿಗೆ ಕಳಿಸಿದಳು. ಉತ್ತರ ತಕ್ಷಣ ಬಂತು: "ದೊಡ್ಡಪ್ಪಂಗೆ ತೋರಿಸ್ಬೇಡ. ಎಷ್ಟಿದೆ?"

ಒಂದು ತುದಿಯಿಂದ ಇನ್ನೊಂದು ತುದಿಗೆ ಮತ್ತೊಮ್ಮೆ ಅಳೆದು, ಅದೇ ಬಂದದ್ದನ್ನು ಖಚಿತಪಡಿಸಿಕೊಂಡು ಅವಳು ಬರೆದಳು: ರೆಕ್ಕೆಯ ಹರವು 131 ಮಿಲಿಮೀಟರ್.